ಗುಟ್ಟಾಗಿಡಲಾಗದ ಮದ್ದು

ಪುಟ್ಟೀ,

ಲಂಡನ್ನಿನಲ್ಲಿ ಖಿನ್ನತೆಗೆ ಸೈಲೋಸೈಬಿನ್ ಎಂಬ ಭ್ರಮೆ ತರಿಸುವ ಮದ್ದಿನ ಟ್ರಯಲ್ ನಡೆಸುವ ತಂಡ ನಿನ್ನನ್ನು ಕರೆದಿದೆಯೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಧಾರಾಳವಾಗಿ ಹೋಗಿ ಬಾ. ಖಿನ್ನತೆಯಲ್ಲಿ ವರ್ಷಗಟ್ಟಲೆ ನರಳಿ, ಕೊಟ್ಟ ಮಾತ್ರೆ ಯಾವುದೂ ನಾಟದೆ, ಕೊನೆಗೆ ಡಾಕ್ಟರ ಮುಖ ನೋಡುವುದನ್ನೂ ಬಿಟ್ಟ ರೋಗಿಗಳು ನನ್ನ ಓಪಿಡಿಗೆ ಬೇಕಾದಷ್ಟು ಬಂದಿದ್ದಾರೆ. ಅಂಥವರಿಗೊಂದು ದಾರಿ ತೆರೆಯುವುದಾದರೆ ನಮ್ಮ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ದೊಡ್ಡಮ್ಮನಾಗಿ ಖುಷಿಪಟ್ಟಾಯಿತು. ಇನ್ನು ನಿನಗಿಂತ ಮುಂಚೆ ಮನೋವೈದ್ಯಳಾದವಳಾಗಿ ಕೆಲವು ಮಾತು ಹೇಳುತ್ತೇನೆ, ಕೇಳು.

ಇಂಥ ಮದ್ದುಗಳನ್ನು ಪರೀಕ್ಷಿಸುವುದರಲ್ಲಿ ಒಂದು ತೊಡಕಿದೆ. ಮಿಕ್ಕ ತೊಡಕುಗಳೆಲ್ಲ ಬಂದು ಸೇರುವುದು ಅಲ್ಲಿಗೇ. ರಕ್ತದೊತ್ತಡದ ಮಾತ್ರೆಯನ್ನು ಪರೀಕ್ಷಿಸುವಾಗ ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಹುಸಿಮಾತ್ರೆ ಕೊಡುತ್ತೇವೆ. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಆ ಗುಟ್ಟು ಉಳಿದರೆ ಮಾತ್ರ ಫಲಿತಾಂಶವನ್ನು ನಂಬಬಹುದು. ಆದರೆ 25 ಮಿಲಿಗ್ರಾಂ ಸೈಲೋಸೈಬಿನ್ ನುಂಗಿದವರಿಗೆ ಒಂದು ಗಂಟೆಯೊಳಗೆ ಗೋಡೆ ಅಲೆಯಾಡತೊಡಗುತ್ತದೆ, ಹೊತ್ತಿನ ಲೆಕ್ಕ ತಪ್ಪುತ್ತದೆ, ಎಂದೋ ತೀರಿಹೋದ ತಾಯಿ ಪಕ್ಕದಲ್ಲೇ ಕುಳಿತಂತಾಗುತ್ತದೆ. ನಾಲ್ಕರಿಂದ ಆರು ಗಂಟೆ ಹೀಗೆ ಸಾಗುತ್ತದೆ. ಸಿಕ್ಕಿದ್ದು ಏನೆಂದು ಅವರಿಗೂ ಗೊತ್ತು, ಪಕ್ಕದಲ್ಲಿ ಕುಳಿತ ನಿನಗೂ ಗೊತ್ತು. ಗುಟ್ಟು ಅಲ್ಲಿಗೆ ರಟ್ಟು.

ಇದು ಇವತ್ತು ಹುಟ್ಟಿದ ಸಮಸ್ಯೆಯಲ್ಲ. 1962ರ ಗುಡ್ ಫ್ರೈಡೆಯ ದಿನ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲಿನ ನೆಲಮಾಳಿಗೆಯಲ್ಲಿ ವಾಲ್ಟರ್ ಪಾಂಕೆ ಎಂಬ ಯುವ ವೈದ್ಯರು ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ 20 ವಿದ್ಯಾರ್ಥಿಗಳನ್ನು ಕೂರಿಸಿದರು. ಮೇಲೆ ನಡೆಯುತ್ತಿದ್ದ ಪ್ರಾರ್ಥನೆ, ಪ್ರವಚನ ಕೆಳಗಿದ್ದವರಿಗೂ ಧ್ವನಿವರ್ಧಕದಲ್ಲಿ ಕೇಳಿಸುವಂತೆ ಏರ್ಪಾಡಾಗಿತ್ತು. ಹತ್ತು ಮಂದಿಗೆ ಸೈಲೋಸೈಬಿನ್, ಹತ್ತು ಮಂದಿಗೆ ನಿಕೋಟಿನಿಕ್ ಆಮ್ಲ. ಆ ಆಮ್ಲ ತೆಗೆದುಕೊಂಡರೆ ಮುಖ ಕೆಂಪಾಗಿ ಮೈ ಬಿಸಿಯೇರುತ್ತದೆ. ಅದನ್ನೇ ಮದ್ದಿನ ಪರಿಣಾಮವೆಂದು ತಿಳಿದುಕೊಳ್ಳಲಿ ಎಂಬುದು ಪಾಂಕೆಯವರ ಲೆಕ್ಕಾಚಾರ. ಸ್ವಲ್ಪ ಹೊತ್ತು ಅದು ನಡೆಯಿತು ಕೂಡ. ಆಮೇಲೆ ಒಂದು ಗುಂಪು ಸುಮ್ಮನೆ ಕುಳಿತು ನೋಡುತ್ತಿತ್ತು, ಇನ್ನೊಂದು ಗುಂಪಿನವರು ಬೆಂಚಿನ ಮೇಲೆ ಮಲಗಿ, ಎದ್ದು, ತಿರುಗಾಡಿ, ದೇವರ ಹೆಸರು ಹೇಳುತ್ತಿದ್ದರು. ಯಾರಿಗೆ ಏನು ಸಿಕ್ಕಿದೆಯೆಂದು ಇಡೀ ನೆಲಮಾಳಿಗೆಗೆ ತಿಳಿದುಹೋಯಿತು. ಸೈಲೋಸೈಬಿನ್ ಸಿಕ್ಕವರಲ್ಲಿ ಬಹುಪಾಲು ಮಂದಿಗೆ ಅನುಭಾವದಂಥ ಅನುಭವ ಆಯಿತೆಂದು ಪಾಂಕೆ ಬರೆದರು.

ಸುಮಾರು ಕಾಲು ಶತಮಾನದ ನಂತರ ರಿಕ್ ಡಾಬ್ಲಿನ್ ಎಂಬವರು ಆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಹುಡುಕಿ ಮಾತಾಡಿಸಿ, 1991ರಲ್ಲಿ ವರದಿ ಪ್ರಕಟಿಸಿದರು. ಮದ್ದು ಸಿಕ್ಕವರು ಅಷ್ಟು ವರ್ಷಗಳಾದ ಮೇಲೂ ಆ ದಿನವನ್ನು ಬದುಕಿನ ದೊಡ್ಡ ದಿನಗಳಲ್ಲೊಂದೆಂದು ನೆನೆಯುತ್ತಿದ್ದರು. ಅದು ಸಣ್ಣ ಮಾತಲ್ಲ. ಆದರೆ ಡಾಬ್ಲಿನ್‌ಗೆ ಇನ್ನೊಂದು ಸಂಗತಿಯೂ ಸಿಕ್ಕಿತು. ಅಂದು ಒಬ್ಬ ವಿದ್ಯಾರ್ಥಿ ತೀರ ಉದ್ರೇಕಗೊಂಡು, ಅವನನ್ನು ಹತೋಟಿಗೆ ತರಲು ಕ್ಲೋರ್‌ಪ್ರೊಮಝೀನ್ ಇಂಜೆಕ್ಷನ್ ಕೊಡಬೇಕಾಗಿ ಬಂದಿತ್ತು. ಪಾಂಕೆಯವರ ಪ್ರಬಂಧದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಆ ಇಂಜೆಕ್ಷನ್ನನ್ನು ಮರೆಯಬೇಡ, ಪುಟ್ಟಿ. ಪಾಂಕೆ ಕೆಟ್ಟವರಾಗಿರಲಿಲ್ಲ. ಅವರು ಈ ಮದ್ದನ್ನು ನಂಬಿದ್ದರು, ಅದಕ್ಕೆ ಕೆಟ್ಟ ಹೆಸರು ಬರಬಾರದೆಂಬ ಆಸೆಯೂ ಇದ್ದಿರಬೇಕು. ತನ್ನ ಮದ್ದನ್ನು ನಂಬಿದ ವಿಜ್ಞಾನಿ ಸುಳ್ಳು ಬರೆಯುವುದಿಲ್ಲ, ಒಂದು ಸಾಲು ಬಿಡುತ್ತಾನೆ ಅಷ್ಟೆ. ಅಂಥ ಸಾಲು ನಿನ್ನ ಕೈಯಿಂದ ಬಿಟ್ಟುಹೋಗದಿರಲಿ. ಡಾಬ್ಲಿನ್ ಈ ಮದ್ದುಗಳ ಪರವಾಗಿಯೇ ಬದುಕಿಡೀ ದುಡಿದವರು. ಆದರೂ ತಮ್ಮ ಪಕ್ಷಕ್ಕೆ ಇರುಸುಮುರುಸಾಗುವ ಸಂಗತಿಯನ್ನು ತಾವೇ ಅಗೆದು ಹೊರಗಿಟ್ಟರು. ಹಾರ್ವರ್ಡಿನ ತಿಮೊತಿ ಲಿಯರಿಯವರ ಕಾನ್ಕಾರ್ಡ್ ಜೈಲಿನ ಪ್ರಯೋಗವನ್ನೂ 1998ರಲ್ಲಿ ಅವರು ಮರುಪರಿಶೀಲಿಸಿದರು. ಸೈಲೋಸೈಬಿನ್ ಪಡೆದ ಕೈದಿಗಳು ಮತ್ತೆ ಜೈಲಿಗೆ ಬರುವುದು ಕಡಿಮೆಯಾಯಿತು ಎಂಬ ಲಿಯರಿಯವರ ಹೇಳಿಕೆಗೆ ಆಧಾರವಿಲ್ಲವೆಂದು ತೋರಿಸಿಕೊಟ್ಟರು; ಎರಡು ಗುಂಪುಗಳಿಗೆ ಬೇರೆ ಬೇರೆ ಅವಧಿಯ ಲೆಕ್ಕ ಹಿಡಿದು ತಾಳೆ ನೋಡಲಾಗಿತ್ತು. ಸಂಶೋಧಕಿಯಾಗಿ ನೀನು ಯಾರನ್ನಾದರೂ ಅನುಸರಿಸುವುದಾದರೆ ಆ ಎರಡು ಲೇಖನ ಬರೆದ ಡಾಬ್ಲಿನ್ನರನ್ನು ಅನುಸರಿಸು.

ಏಕೆ ಆ ಎರಡು ಲೇಖನ ಎಂದು ಒತ್ತಿ ಹೇಳುತ್ತಿದ್ದೇನೆಂದರೆ, ಅವರೇ 1986ರಲ್ಲಿ ಕಟ್ಟಿದ ಸಂಸ್ಥೆ ಮುಂದೆ ಎಡವಿದ್ದೂ ಇಂಥದೇ ಜಾಗದಲ್ಲಿ. ಭೀಕರ ಆಘಾತವೊಂದು ವರ್ಷಗಟ್ಟಲೆ ಬಿಡದೆ ಕಾಡುವ ಪಿಟಿಎಸ್‌ಡಿ ಕಾಯಿಲೆಗೆ ಎಂಡಿಎಂಎ ಎಂಬ ಮದ್ದಿನ ಜೊತೆಗೆ ಆಪ್ತಸಮಾಲೋಚನೆ ಕೊಡುವ ಟ್ರಯಲ್ ಅದು. 2023ರಲ್ಲಿ ಪ್ರಕಟವಾದ ಎರಡನೆಯ ದೊಡ್ಡ ಟ್ರಯಲಿನಲ್ಲಿ 104 ಜನರಿದ್ದರು. ಕೊನೆಗೆ ಎಂಡಿಎಂಎ ಪಡೆದವರಲ್ಲಿ ಶೇ. 71ರಷ್ಟು ಮಂದಿಯಲ್ಲಿ ಕಾಯಿಲೆಯ ಲಕ್ಷಣಗಳು ರೋಗನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದಿದ್ದವು; ಹುಸಿಮಾತ್ರೆ ಮತ್ತು ಸಮಾಲೋಚನೆ ಪಡೆದವರಲ್ಲಿ ಶೇ. 48. ನೋಡಿದರೆ ಗೆದ್ದಂತೆಯೇ. ಆದರೂ 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯ ಸಲಹಾ ಸಮಿತಿಯ 11 ಸದಸ್ಯರಲ್ಲಿ 9 ಜನ ಪರಿಣಾಮ ಸಾಬೀತಾಗಿಲ್ಲವೆಂದರು, ಅಪಾಯಕ್ಕಿಂತ ಲಾಭ ಹೆಚ್ಚೆಂದು ಹೇಳಲಾಗದೆಂದು 10 ಜನ ಮತ ಹಾಕಿದರು. ಆಗಸ್ಟಿನಲ್ಲಿ ಎಫ್‌ಡಿಎ ಒಪ್ಪಿಗೆ ನಿರಾಕರಿಸಿತು. ಟ್ರಯಲಿನಲ್ಲಿದ್ದ ಬಹುಪಾಲು ಮಂದಿ ತಮಗೆ ಸಿಕ್ಕಿದ್ದು ಏನೆಂದು ಸರಿಯಾಗಿ ಊಹಿಸಿದ್ದರು. ಅಮಲಿನ ಸುಖದಂಥ ಪರಿಣಾಮಗಳನ್ನು, ಅವು ಚಟಕ್ಕೆ ದಾರಿಯಾಗಬಹುದೇ ಎಂದು ತಿಳಿಯಲು ಬೇಕಾಗಿದ್ದರೂ, ಸರಿಯಾಗಿ ದಾಖಲಿಸಿರಲಿಲ್ಲ. ಒಳ್ಳೆಯದೆಂದು ತೋರಿದ್ದನ್ನು ಅಡ್ಡಪರಿಣಾಮದ ಪಟ್ಟಿಗೆ ಏಕೆ ಸೇರಿಸಬೇಕು ಎಂದು ಯಾರಿಗೋ ಅನ್ನಿಸಿರಬೇಕು. ಮತ್ತೆ ಅದೇ ಬಿಟ್ಟ ಸಾಲು.

ಹಾಗಾದರೆ ಇದೆಲ್ಲ ಬರೀ ನಂಬಿಕೆಯ ಆಟವೇ ಎಂದು ಕೇಳಬೇಡ. ಅಲ್ಲ. ಸೈಲೋಸೈಬಿನ್ ಮೈಯೊಳಗೆ ಸೈಲೋಸಿನ್ ಆಗಿ ಬದಲಾಗಿ ಮೆದುಳಿನ ಸಿರೊಟೋನಿನ್ 2ಎ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಗ್ರಾಹಕವನ್ನು ಕೆಟಾನ್ಸೆರಿನ್ ಎಂಬ ಇನ್ನೊಂದು ಮದ್ದಿನಿಂದ ಮೊದಲೇ ಮುಚ್ಚಿದರೆ ಭ್ರಮೆಗಳು ಬರುವುದಿಲ್ಲವೆಂದು ಜ್ಯೂರಿಕ್‌ನ ಫ್ರಾಂಜ್ ಫೊಲೆನ್‌ವೈಡರ್ 1998ರಲ್ಲೇ ತೋರಿಸಿದರು. ನಮ್ಮ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ಪ್ರಯೋಗಾಲಯ ಅದೇ ಗ್ರಾಹಕದ ಬೆನ್ನು ಹತ್ತಿದೆ. ಇಂಥದೇ ಒಂದು ರಾಸಾಯನಿಕ ಪ್ರಾಣಿಗಳ ಆತಂಕವನ್ನು ಮೆದುಳಿನ ಯಾವ ಕೋಶಗಳ ಮೂಲಕ ತಗ್ಗಿಸುತ್ತದೆಂದು 2024ರಲ್ಲಿ ಅವರ ತಂಡ ಪ್ರಕಟಿಸಿತು. ಇಲಿಗೆ ಪತ್ರಿಕೆ ಓದಿ ಆಸೆಪಡುವುದು ಬರುವುದಿಲ್ಲ. ಮನುಷ್ಯರಿಗೆ ಬರುತ್ತದೆ. ಕೊಂಡು ತಂದ ಹಾಲಿಗೆ ನೀರು ಬೆರೆತಿದ್ದರೆ ಡೇರಿಯ ಲ್ಯಾಕ್ಟೋಮೀಟರ್ ಹೇಳಿಬಿಡುತ್ತದೆ. ಗುಣವಾದುದರಲ್ಲಿ ಮದ್ದೆಷ್ಟು, ಆಸೆಯೆಷ್ಟು ಎಂದು ಹೇಳುವ ಮೀಟರನ್ನು ಇನ್ನೂ ಯಾರೂ ಮಾಡಿಲ್ಲ.

ಆಸೆಯ ಬಲ ಎಷ್ಟೆಂದು ನೋಡಬೇಕಾದರೆ 2023ರ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಓದು. ಕೆಟಮಿನ್ ನಿನಗೆ ಗೊತ್ತು, ತಾಲೂಕು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲೂ ಇರುವ ಹಳೆಯ ಅರಿವಳಿಕೆ. ಅದು ಖಿನ್ನತೆಯನ್ನು ಗಂಟೆಗಳಲ್ಲಿ ಇಳಿಸುತ್ತದೆಂದು 2000ದಿಂದೀಚೆಗೆ ಹಲವು ವರದಿಗಳು ಬಂದು, ಅದರ ಒಡಹುಟ್ಟಾದ ಎಸ್‌ಕೆಟಮಿನ್ 2019ರಲ್ಲಿ ಮೂಗಿಗೆ ಸಿಂಪಡಿಸುವ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಸ್ಟ್ಯಾನ್‌ಫರ್ಡಿನವರು ಬಹಳ ಯೋಚಿಸಿ ಒಂದು ಉಪಾಯ ಮಾಡಿದರು. ಖಿನ್ನತೆಯಿದ್ದು ಬೇರೆ ಯಾವುದೋ ಕಾಯಿಲೆಗೆ ಆಪರೇಷನ್ ಆಗಬೇಕಿದ್ದ 40 ಜನರನ್ನು ಆರಿಸಿ, ಪೂರ್ತಿ ಪ್ರಜ್ಞೆ ತಪ್ಪಿಸಿದ ಮೇಲೆ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಬರೀ ಸಲೈನ್ ಕೊಟ್ಟರು. ನಿದ್ದೆಯಲ್ಲಿ ಗುಟ್ಟು ರಟ್ಟಾಗುವಂತಿಲ್ಲ. ಎದ್ದ ಮೇಲೆ ಎರಡೂ ಗುಂಪಿನ ಖಿನ್ನತೆ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಸಮನಾಗಿ. ತಮಗೆ ಕೆಟಮಿನ್ನೇ ಸಿಕ್ಕಿದೆಯೆಂದು ನಂಬಿದವರಲ್ಲಿ ಹೆಚ್ಚು ಇಳಿದಿತ್ತು. ಕೆಟಮಿನ್‌ಗೆ ಗುಣವೇ ಇಲ್ಲವೆಂದು ಇದೊಂದರಿಂದ ತೀರ್ಮಾನವಾಗದು. ಇನ್ನಿತರ ಅರಿವಳಿಕೆಯೂ ಜೊತೆಗಿತ್ತು, ಸಂಖ್ಯೆಯೂ ಚಿಕ್ಕದು. ಆದರೆ ಯಾರೋ ತಮ್ಮನ್ನು ಕರೆದು, ಕೂರಿಸಿ, ಕಷ್ಟ ಕೇಳಿ, ನೋಡಿಕೊಂಡರೆ ಎಷ್ಟೊಂದು ಗುಣವಾಗುತ್ತದೆಂದು ಅದು ತೋರಿಸಿತು. ಆ ಗುಣವನ್ನು ಹೀಗಳೆಯಬೇಡ, ಆದರೆ ಮದ್ದಿನ ಖಾತೆಗೆ ಜಮಾ ಮಾಡಲೂ ಬೇಡ.

ನಮ್ಮ ಬೆಂಗಳೂರಿನ ಐಟಿ ಹುಡುಗರಿಗೂ ಮೈಕ್ರೋಡೋಸಿಂಗ್ ಗಾಳಿ ತಗುಲಿದೆ, ನೀನೂ ಕೇಳಿರುತ್ತೀಯ. ಎಲ್‌ಎಸ್‌ಡಿ, ಸೈಲೋಸೈಬಿನ್‌ನಂಥ ಮದ್ದನ್ನು ಅಮಲೇರದಷ್ಟು ಸಣ್ಣ ಪ್ರಮಾಣದಲ್ಲಿ ದಿನ ಬಿಟ್ಟು ದಿನ ತೆಗೆದುಕೊಂಡರೆ ಬುದ್ಧಿ ಚುರುಕಾಗುತ್ತದಂತೆ. ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 191 ಜನ ತಮ್ಮ ಮದ್ದನ್ನೂ ಖಾಲಿ ಕ್ಯಾಪ್ಸೂಲನ್ನೂ ತಾವೇ ಗುರುತು ಸಿಗದಂತೆ ಕಲಸಿಟ್ಟುಕೊಂಡು ವಾರಗಟ್ಟಲೆ ತೆಗೆದುಕೊಂಡರು. ಮದ್ದು ಸಿಕ್ಕವರಿಗೂ ಗೆಲುವು, ಖಾಲಿ ಕ್ಯಾಪ್ಸೂಲ್ ಸಿಕ್ಕವರಿಗೂ ಅಷ್ಟೇ ಗೆಲುವು. ಅದರ ಬಗ್ಗೆ ಇಷ್ಟು ಸಾಕು.

ನೀನು ಹೋಗುವ ಕೆಲಸಕ್ಕೆ ಹತ್ತಿರದ ಅಂಕಿಗಳಿಗೆ ಬರೋಣ. 2022ರ ದೊಡ್ಡ ಟ್ರಯಲಿನಲ್ಲಿ, ಬೇರೆ ಮದ್ದುಗಳಿಗೆ ಬಗ್ಗದ ಖಿನ್ನತೆಯ 233 ಜನರಿಗೆ 25, 10 ಅಥವಾ 1 ಮಿಲಿಗ್ರಾಂ ಸೈಲೋಸೈಬಿನ್ ಒಂದೇ ಒಂದು ಸಲ ಕೊಟ್ಟರು. ಮೂರು ವಾರಕ್ಕೆ ಖಿನ್ನತೆಯ ಅಂಕ 25ರ ಗುಂಪಿನಲ್ಲಿ ಸರಾಸರಿ 12ರಷ್ಟು ಇಳಿಯಿತು, 1ರ ಗುಂಪಿನಲ್ಲಿ ಐದೂಚಿಲ್ಲರೆ. ದೊಡ್ಡ ಡೋಸ್ ಪಡೆದವರಲ್ಲಿ ಶೇ. 37ರಷ್ಟು ಮಂದಿಯ ಅಂಕ ಅರ್ಧಕ್ಕಿಳಿಯಿತು. ಹನ್ನೆರಡನೆಯ ವಾರದ ಹೊತ್ತಿಗೆ ಆ ಲಾಭ ಉಳಿಸಿಕೊಂಡವರು ಶೇ. 20. ಆತ್ಮಹತ್ಯೆಯ ಯೋಚನೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಮೂರೂ ಗುಂಪುಗಳಲ್ಲಿ ಕಂಡಿತು, ಅದನ್ನು ಮುಚ್ಚಿಡದೆ ಬರೆದರು. ಪತ್ರಿಕೆಗಳ ತಲೆಬರಹಕ್ಕೆ ಹೋದದ್ದು ಮೂರನೆಯ ವಾರ. ರೋಗಿ ಬದುಕುವುದು ಹನ್ನೆರಡನೆಯ ವಾರದಲ್ಲಿ, ಅದರಾಚೆಯ ವಾರಗಳಲ್ಲಿ. ಅದಕ್ಕೂ ಹಿಂದಿನ ವರ್ಷ ಲಂಡನ್ನಿನಲ್ಲೇ 59 ಜನರ ಮೇಲೆ ಸೈಲೋಸೈಬಿನ್ನನ್ನು ನಮ್ಮ ದಿನನಿತ್ಯದ ಎಸಿಟಲೋಪ್ರಾಮ್ ಜೊತೆ ತೂಗಿ ನೋಡಿದ್ದರು. ಮುಖ್ಯ ಅಳತೆಯೆಂದು ಮೊದಲೇ ಘೋಷಿಸಿದ್ದರಲ್ಲಿ ಆರು ವಾರಕ್ಕೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಕ್ಕದ ಅಳತೆಗಳಲ್ಲಿ ಸೈಲೋಸೈಬಿನ್ ಮುಂದಿತ್ತು. ಪಕ್ಕದ ಅಳತೆಗಳು ಆಸೆ ಹುಟ್ಟಿಸಲಿ, ಆದರೆ ಮೊದಲು ಘೋಷಿಸಿದ ಅಳತೆಯ ಫಲ ನೀನು ಬರೆಯುವ ಸಾರಾಂಶದ ಮೊದಲ ವಾಕ್ಯದಲ್ಲೇ ಇರಬೇಕು.

ಇದರಿಂದ ನನ್ನ ಮೊದಲ ಬೇಡಿಕೆ: ಮದ್ದಿನ ದಿನ ರೋಗಿಯ ಪಕ್ಕದಲ್ಲಿ ನೀನು ಕುಳಿತಿದ್ದರೆ, ಮುಂದೆ ಆ ರೋಗಿಯ ಖಿನ್ನತೆಗೆ ಅಂಕ ಹಾಕುವ ಕೆಲಸ ನಿನ್ನದಾಗಬಾರದು. ಆ ದಿನವನ್ನು ನೋಡದ, ಯಾವ ಡೋಸೆಂದು ತಿಳಿಯದ ಬೇರೊಬ್ಬರು ಫೋನಿನಲ್ಲೋ ವಿಡಿಯೋದಲ್ಲೋ ಅಂಕ ಹಾಕಲಿ. ಒಳ್ಳೆಯ ತಂಡಗಳು ಹೀಗೇ ಮಾಡುತ್ತವೆ. ಜನ ಸಾಲದೆಂದು ಎರಡೂ ಕೆಲಸ ನಿನಗೇ ಹೊರಿಸಿದರೆ ಒಪ್ಪಬೇಡ. ಮದ್ದು ಕೊಡುವ ಮುಂಚೆ ‘ಇದರಿಂದ ನಿಮಗೆಷ್ಟು ಗುಣವಾಗಬಹುದೆಂದು ನಿರೀಕ್ಷಿಸುತ್ತೀರಿ’ ಎಂದು ಕೇಳಿ ಬರೆದಿಡು. ಕೊಟ್ಟ ಮೇಲೆ ‘ನಿಮಗೆ ಯಾವುದು ಸಿಕ್ಕಿತೆಂದು ಅನ್ನಿಸುತ್ತದೆ’ ಎಂದು ಕೇಳಿ ಬರೆದಿಡು. ನಿನ್ನ ಊಹೆಯನ್ನೂ ಬರೆ.

ಎರಡನೆಯದು ಒಪ್ಪಿಗೆಯ ಮಾತು. ಇಲ್ಲಿ ನನಗೆ ಸಮಾಧಾನದಿಂದ ಬರೆಯಲಾಗುವುದಿಲ್ಲ. 1953ರಲ್ಲಿ ಅಮೆರಿಕದ ಸಿಐಎ ತನ್ನದೇ ಸರ್ಕಾರದ ವಿಜ್ಞಾನಿ ಫ್ರಾಂಕ್ ಓಲ್ಸನ್ ಕುಡಿಯುವ ಪಾನೀಯಕ್ಕೆ ಅವರಿಗೆ ತಿಳಿಯದಂತೆ ಎಲ್‌ಎಸ್‌ಡಿ ಬೆರೆಸಿತು. ಕೆಲವೇ ದಿನಗಳಲ್ಲಿ ಅವರು ನ್ಯೂಯಾರ್ಕಿನ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತರು. ಮನೆಯವರಿಗೆ ಎಲ್‌ಎಸ್‌ಡಿಯ ವಿಷಯ ತಿಳಿದದ್ದು 1975ರಲ್ಲಿ. ಅದೇ ಕಾಲದಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ, ಚಟ ಬಿಡಿಸುವ ಸರ್ಕಾರಿ ಆಸ್ಪತ್ರೆಯೂ ಜೈಲೂ ಆಗಿದ್ದ ಜಾಗದಲ್ಲಿ, ಹ್ಯಾರಿಸ್ ಇಸ್ಬೆಲ್ ಎಂಬ ವೈದ್ಯರು ಕೈದಿಗಳಿಗೆ ಎಲ್‌ಎಸ್‌ಡಿ ಕೊಟ್ಟರು. ಏಳು ಜನಕ್ಕೆ ಒಂದೇ ಸಮನೆ 77 ದಿನ. ಆ ಕೈದಿಗಳಲ್ಲಿ ಬಹಳಷ್ಟು ಮಂದಿ ಕಪ್ಪು ಜನಾಂಗದವರು. ಪ್ರಯೋಗಕ್ಕೆ ಒಪ್ಪಿದ್ದಕ್ಕೆ ಸಿಗುತ್ತಿದ್ದ ಪ್ರತಿಫಲಗಳಲ್ಲಿ ಅವರು ಯಾವ ಚಟ ಬಿಡಲು ಅಲ್ಲಿದ್ದರೋ ಅದೇ ಮಾದಕವಸ್ತುವೂ ಒಂದು. ಸಹಿ ಇತ್ತು. ಆ ಸಹಿಯನ್ನು ಒಪ್ಪಿಗೆಯೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಈಗ ಹಾಗೆಲ್ಲ ಆಗುವುದಿಲ್ಲ ಎನ್ನುತ್ತೀಯ. ಆದರೆ ಕೆನಡಾದಲ್ಲಿ ನಡೆದ ಎಂಡಿಎಂಎ ಟ್ರಯಲಿನಲ್ಲಿ ಥೆರಪಿಸ್ಟರು ರೋಗಿಯೊಬ್ಬಳ ಜೊತೆ ಅನುಚಿತವಾಗಿ ನಡೆದುಕೊಂಡದ್ದು ವಿಡಿಯೋದಲ್ಲಿ ದಾಖಲಾಗಿತ್ತು, ಆ ವಿಡಿಯೋ ಹೊರಬಿದ್ದದ್ದು ವರ್ಷಗಳ ನಂತರ. 2024ರ ಆಗಸ್ಟಿನಲ್ಲಿ ಒಂದು ಪತ್ರಿಕೆ ಆ ಕೇಂದ್ರದ ಮಾಹಿತಿಯನ್ನು ಬಳಸಿದ್ದ ಮೂರು ಲೇಖನಗಳನ್ನು ಹಿಂತೆಗೆದುಕೊಂಡಿತು. ಮದ್ದು ಏರಿದ ಮನಸ್ಸು ಮಗುವಿನಷ್ಟು ಮೆದುವಾಗಿರುತ್ತದೆ, ಹೇಳಿದ್ದನ್ನು ಹಾಗೇ ನಂಬುತ್ತದೆ. ಆ ಹೊತ್ತಿನಲ್ಲಿ ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ ಎಂಬುದೆಲ್ಲ ಹಿಂದಿನ ದಿನವೇ ಮಾತಾಗಿ ಬರಹದಲ್ಲಿರಬೇಕು. ಮದ್ದು ಏರಿದ ಮೇಲೆ ರೋಗಿ ‘ಬೇಡ’ ಎಂದರೆ ಒಪ್ಪಿದ್ದನ್ನೂ ನಿಲ್ಲಿಸಬೇಕು; ‘ಬೇಕು’ ಎಂದರೆ ಒಪ್ಪದಿದ್ದುದನ್ನು ಹೊಸದಾಗಿ ಶುರುಮಾಡಬಾರದು. ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆಯನ್ನು ಹೊಸ ಔಷಧಿಗಳ ಪರೀಕ್ಷೆಯಲ್ಲಿ ವಿಡಿಯೋ ಮಾಡಿಸುತ್ತವೆ. ಅದು ಕಿರಿಕಿರಿಯೆಂದು ಗೊಣಗುವವರ ಸಾಲಿಗೆ ನೀನು ಸೇರಬೇಡ.

ಇನ್ನು ದಾಖಲೆಯ ವಿಷಯ, ಇದು ನಮ್ಮ ಮಣ್ಣಿನದೇ. 1893-94ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ಒಂದು ಆಯೋಗ ಕೂರಿಸಿತು. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ನಿನ ವರದಿ ಏಳು ಸಂಪುಟ. ಗಾಂಜಾ ಸೇದಿ ಹುಚ್ಚು ಹಿಡಿದವರೆಂದು ಆಸ್ಪತ್ರೆಗಳ ರಿಜಿಸ್ಟರಿನಲ್ಲಿ ಬೇಕಾದಷ್ಟು ಹೆಸರುಗಳಿದ್ದವು. ಆಯೋಗ ಒಂದೊಂದೇ ಪ್ರಕರಣವನ್ನು ಹಿಡಿದು ವಿಚಾರಿಸುತ್ತ ಹೋದಾಗ ಬಹಳಷ್ಟಕ್ಕೆ ಬುಡವೇ ಇರಲಿಲ್ಲ. ರೋಗಿಯನ್ನು ಕರೆತಂದ ಪೊಲೀಸರು ಏನೋ ಹೇಳುತ್ತಿದ್ದರು, ‘ಕಾರಣ’ ಎಂಬ ಕಾಲಂ ಖಾಲಿ ಬಿಡಬಾರದೆಂದು ಅದನ್ನೇ ಬರೆದುಕೊಳ್ಳುತ್ತಿದ್ದರು. ಮದ್ದಿನ ವಿರುದ್ಧವಾದ ನಂಬಿಕೆಯೂ ಪರವಾದ ನಂಬಿಕೆಯಷ್ಟೇ ಸಲೀಸಾಗಿ ದಾಖಲೆಯೊಳಕ್ಕೆ ನುಸುಳುತ್ತದೆ. ವಾರ್ಡಿನ ಕೇಸ್ ಶೀಟಿನಲ್ಲಿ ಗೊತ್ತಿಲ್ಲದ ಕಾರಣವನ್ನು ಗೊತ್ತಿಲ್ಲವೆಂದೇ ಬರೆಯಲು ನಿನಗೆ ಕಲಿಸಿದ್ದೆನಲ್ಲ, ಅಲ್ಲೂ ಹಾಗೆಯೇ ಬರೆ.

ನೀನು ಅಲ್ಲಿಗೆ ಹೋದ ಮೇಲೆ ನಿನ್ನ ವಾರಿಗೆಯ ನೆಂಟರ ಹುಡುಗರು, ಗೆಳೆಯರು ನಿನಗೆ ಮೆಸೇಜ್ ಮಾಡುತ್ತಾರೆ, ಖಂಡಿತ. ವಾರಾಂತ್ಯಕ್ಕೆ ಕೊಡೈಕನಾಲ್‌ಗೆ ಹೋಗುತ್ತಿದ್ದೇವೆ, ಅಲ್ಲಿ ಸೈಲೋಸೈಬಿನ್ ಇರುವ ಅಣಬೆ ಸಿಗುತ್ತದಂತೆ, ನೀನೇ ಅದರ ಮೇಲೆ ರಿಸರ್ಚ್ ಮಾಡುತ್ತೀಯಲ್ಲ, ಏನಂತೀಯ ಎಂದು. ನಕ್ಕು ಬಿಡಬೇಡ, ಗದರಲೂ ಬೇಡ. ಟ್ರಯಲಿಗೆ ಸೇರಿಸಿಕೊಳ್ಳುವ ಮುಂಚೆ ಎಷ್ಟು ಜನರನ್ನು ವಾಪಸು ಕಳಿಸುತ್ತೀರೆಂದು ಹೇಳು. ಅಪ್ಪ ಅಮ್ಮ, ಒಡಹುಟ್ಟಿದವರಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು, ಬೈಪೋಲಾರ್ ಇದ್ದವರನ್ನು ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ಒಂದು ಡೋಸ್ ಅವರನ್ನು ತಿಂಗಳುಗಟ್ಟಲೆ ಸೈಕೋಸಿಸ್‌ಗೆ ತಳ್ಳಬಹುದು. ನಮ್ಮ ಮನೆಗಳಲ್ಲಿ ಚಿಕ್ಕಪ್ಪನಿಗೆ ಏನಾಗಿತ್ತೆಂದು ಮಕ್ಕಳಿಗೆ ಹೇಳುವುದೇ ಇಲ್ಲ, ಆ ಹುಡುಗನಿಗೆ ತನ್ನ ಮನೆತನದ ಕಾಯಿಲೆ ಗೊತ್ತಿರುವುದೇ ಅನುಮಾನ. ಲಿಥಿಯಂ ನುಂಗುತ್ತಿರುವವರಿಗೆ ಫಿಟ್ಸ್ ಬಂದ ವರದಿಗಳಿವೆ. ಎಲ್‌ಎಸ್‌ಡಿ ಎಂದು ಮಾರುವ ಕಾಗದದ ಚೂರಿನಲ್ಲಿ ಎನ್‌ಬೋಮಿಯಂಥ ಬೇರೆ ರಾಸಾಯನಿಕ ಇದ್ದು ಜನ ಸತ್ತಿದ್ದಾರೆ. ಕಾನೂನನ್ನೂ ಹೇಳು: 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್‌ಎಸ್‌ಡಿ 0.1 ಗ್ರಾಂ ಮೀರಿದರೆ ಅದು ವ್ಯಾಪಾರದ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು.

ಮತ್ತೊಂದು. ‘ನೀನೂ ಒಮ್ಮೆ ತೆಗೆದುಕೊಂಡು ನೋಡು, ಆಗ ರೋಗಿಯ ಅನುಭವ ಅರ್ಥವಾಗುತ್ತದೆ’ ಎಂದು ಆ ಕ್ಷೇತ್ರದ ಹಿರಿಯರೇ ಹೇಳುವುದುಂಟು. ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಲಿಯರಿಯವರ ಗುಂಪು ಹಾಗೆ ಮಾಡುತ್ತ ಮಾಡುತ್ತ ವಿಜ್ಞಾನದಿಂದ ಮತಪ್ರಚಾರಕ್ಕೆ ಜಾರಿತು. 1963ರಲ್ಲಿ ಹಾರ್ವರ್ಡ್ ಅವರನ್ನು ಹೊರಹಾಕಿತು. 1970ರಲ್ಲಿ ಅಮೆರಿಕದ ಕಾನೂನು ಎಲ್‌ಎಸ್‌ಡಿ, ಸೈಲೋಸೈಬಿನ್‌ಗಳನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಆಮೇಲೆ ಹಲವು ದಶಕ ರೋಗಿಗಳಿಗೆ ಈ ಬಾಗಿಲು ಮುಚ್ಚಿಯೇ ಇತ್ತು. ಅಳೆಯುವ ಕೆಲಸದಲ್ಲಿ ಇರುವಷ್ಟು ದಿನ ನೀನು ಅದನ್ನು ಮುಟ್ಟಬೇಡ. ಅನುಭವ ತಿಳಿಯಬೇಕೆಂದರೆ ರೋಗಿಗಳನ್ನು ಕೇಳು, ಅವರು ಹೇಳಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೋ.

ಕಡೆಯದಾಗಿ ಒಂದು ಕೆಲಸ, ಕರಾರಿಗೆ ಸಹಿ ಹಾಕುವ ಮುಂಚೆ ಮಾಡಬೇಕಾದ್ದು. ಟ್ರಯಲ್ ಮುಗಿದ ಮೇಲೆ ಆ ರೋಗಿಗಳನ್ನು ಯಾರು ನೋಡುತ್ತಾರೆಂದು ಕೇಳು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರು ಸೈಲೋಸೈಬಿನ್, ಎಂಡಿಎಂಎಗಳನ್ನು ಬರೆದುಕೊಡಬಹುದು. ಬಹುತೇಕ ಬೇರೆಲ್ಲ ಕಡೆ ಟ್ರಯಲ್ ಮುಗಿದರೆ ಮದ್ದೂ ಮುಗಿಯಿತು. ಒಂದು ಸಲ ಮೇಲೆದ್ದು, ಮೂರು ತಿಂಗಳಿಗೆ ಮತ್ತೆ ಕುಸಿದ ರೋಗಿಗೆ ಆ ಮದ್ದು ಇನ್ನು ಸಿಗುವುದಿಲ್ಲವೆಂದು ಯಾರು ಹೇಳುತ್ತಾರೆ, ಹೇಳಿದ ಮೇಲೆ ಆ ರಾತ್ರಿ ಯಾರು ಫೋನ್ ಎತ್ತುತ್ತಾರೆ? ಉತ್ತರ ಬಾಯಿಮಾತಿನಲ್ಲಿ ಬಂದರೆ ಇಮೇಲಿನಲ್ಲಿ ಬರೆಸಿಕೋ. ಆ ಫೋನ್ ನಂಬರು ಪ್ರತಿಯೊಬ್ಬ ರೋಗಿಯ ಕಾರ್ಡಿನ ಮೇಲೆ ಅಚ್ಚಾಗಿರಲಿ, ಟ್ರಯಲ್ ಮುಗಿದು ಕನಿಷ್ಠ ಒಂದು ವರ್ಷದವರೆಗೆ ಅದು ನಡೆಯುತ್ತಿರಲಿ ಎಂದು ಕೇಳು. ಒಪ್ಪದಿದ್ದರೆ ನನಗೆ ಫೋನ್ ಮಾಡು, ಸಹಿ ಹಾಕುವ ಮುಂಚೆಯೇ ಮಾಡು.

ನಿನ್ನ ದೊಡ್ಡಮ್ಮ